ಭಾಗ ಸಂಖ್ಯೆ ನೂರ ಎಂಬತ್ತೇಳು

ಕೇದಗೆಕುದ್ರು, ಸ್ವರ್ಣೆಯ ನಡುವೆ.
ಮತದಾರರು ನಲವತ್ತಮೂರು.
ಅಂಗನವಾಡಿಯ ಮಕ್ಕಳು ಐದು. ಅದಕ್ಕೂ ನಾನೇ, ಇದಕ್ಕೂ ನಾನೇ:
ಬೆಳಿಗ್ಗೆ ಅವರಿಗೆ ಅಕ್ಷರ,
ಸಂಜೆ ಇವರ ಹೆಸರಿನ ಅಕ್ಷರದ ತಪ್ಪು.

ಇವತ್ತು ಏಳನೇ ನಮೂನೆ ತುಂಬಬೇಕು.
ಕೊಗ್ಗ ಮರಕಾಲ, ಗಂಡು, ತೊಂಬತ್ತಮೂರು,
ಕ್ರಮಾಂಕ ಒಂದು.
ನನ್ನ ಅಜ್ಜ.
ಪೆನ್ನಿನ ಮುಚ್ಚಳ ತೆಗೆದು ಕೂತಿದ್ದೇನೆ. ಹೊಳೆ ಇಳಿತದಲ್ಲಿದೆ.

ಐವತ್ತೆರಡರಲ್ಲಿ ಪೆಟ್ಟಿಗೆಗಳನ್ನು ದೋಣಿಯಲ್ಲಿ ತಂದವನು ಇವನೇ,
ತನಗಿನ್ನೂ ಓಟಿಲ್ಲದ ವಯಸ್ಸಿನಲ್ಲಿ.
ಒಬ್ಬೊಬ್ಬ ಹುರಿಯಾಳಿಗೂ ಒಂದೊಂದು ಪೆಟ್ಟಿಗೆ, ಮೇಲೆ ಅಂಟಿಸಿದ ಚಿತ್ರ.
ಅವನ ತಾಯಿ ಲಚ್ಚು ಮಿಂದು, ಮದುವೆಯ ಸೀರೆ ಉಟ್ಟು ಬಂದು
ಚೀಟಿಯ ಜೊತೆ ಒಂದು ವೀಳ್ಯದೆಲೆಯನ್ನೂ ಒಳಗೆ ಹಾಕಿದಳಂತೆ.
"ಕೇಳಲಿಕ್ಕೆ ಹೋಗುವಾಗ ಬರಿಗೈಯಲ್ಲಿ ಹೋಗುವುದುಂಟೇ?"

ಆಗ ನಾವು ಮದರಾಸಿನವರು.
ಗೆದ್ದವನು ಮಂಗಳೂರಲ್ಲಿ ರೈಲು ಹತ್ತಿದ.
ಐದು ವರ್ಷ ಕಳೆದು ನೋಡಿದರೆ ಮೈಸೂರಿನವರು,
ಗೆದ್ದವನು ಆಗುಂಬೆಯ ತಿರುವಿನಲ್ಲಿ
ಬಸ್ಸಿನ ಕಿಟಕಿಗೆ ತಲೆ ಹಾಕಿ ವಾಂತಿ ಮಾಡುತ್ತಾ ಹೋದ.
ನಾವು ಕದಲಿರಲಿಲ್ಲ.
ರಾಜಧಾನಿ ಕದಲಿತ್ತು.

ಆಮೇಲೆ ಗೆರೆಗಳ ಕಾಲ.
ಹೊಳೆಯಲ್ಲಿ ಎಳೆದ ಗೆರೆ ನಮ್ಮ ಎಡಕ್ಕೊಮ್ಮೆ, ಬಲಕ್ಕೊಮ್ಮೆ;
ತೆಂಕಣ ಕ್ಷೇತ್ರಕ್ಕೆ ಸೇರಿದೆವು, ಬಡಗಣಕ್ಕೆ ಬಂದೆವು,
ಮತ್ತೆ ತೆಂಕಿಗೆ.
ಅಜ್ಜ ನಗುತ್ತಿದ್ದ: "ವೇಷ ಅದೇ ಮಗಾ, ತಿಟ್ಟು ಮಾತ್ರ ಬೇರೆ.
ಚೆಂಡೆಯವನಿಗೆ ಗೊತ್ತಾದರೆ ಸಾಕು."

ಶಾಸಕರು ಒಟ್ಟು ಹನ್ನೊಂದು. ಕುದ್ರುವಿಗೆ ಕಾಲಿಟ್ಟವರು ಇಬ್ಬರು.
ಒಬ್ಬರು ಬಿಳಿ ಪಂಚೆ ಎತ್ತಿಕಟ್ಟಿ ಇಳಿಯುವಾಗ ಕೆಸರಲ್ಲಿ ಜಾರಿದರು,
ಅಜ್ಜ ಹಿಡಿದ. ಆ ಹಿಡಿತದ ಋಣಕ್ಕೋ ಏನೋ
ಸದನದಲ್ಲಿ ಕೇಳಿದರು: ಕೇದಗೆಕುದ್ರುವಿಗೆ ಕಾಲುಸಂಕ ಯಾವಾಗ?
ಚುಕ್ಕೆ ಗುರುತಿನ ಪ್ರಶ್ನೆ.
ನಕ್ಷೆಯಲ್ಲಿ ನಾವೂ ಒಂದು ಚುಕ್ಕೆ, ಅದೂ ಕೆಲವು ನಕ್ಷೆಗಳಲ್ಲಿ.
ಉತ್ತರ: ಪರಿಶೀಲನೆಯಲ್ಲಿದೆ.
ಆ ಹಾಳೆಯನ್ನು ಅಜ್ಜ ತಗಡಿನ ಡಬ್ಬಿಯಲ್ಲಿಟ್ಟ,
ಜಾಗದ ಪಟ್ಟೆಯ ಕೆಳಗೆ,
ಊರಿನ ಹೆಸರು ಸರಿಯಾಗಿ ಅಚ್ಚಾದ ಕಾಗದ ಅದೊಂದೇ ಎಂದು.

ಮರಳು ತೆಗೆದಂತೆಲ್ಲ ಕುದ್ರು ಸಣ್ಣದಾಯಿತು.
ನೂರ ಹನ್ನೆರಡು ಹೆಸರಿದ್ದ ಪಟ್ಟಿ ಈಗ ಎರಡೇ ಹಾಳೆ.
ಹೆಸರು ಕಳೆಯಲು ನಮೂನೆ ಕೊಡುವ ಕಾರಣಗಳು ನಾಲ್ಕಾರು.
ಬಾಬಿಯ ಮನೆಯನ್ನು ಆಷಾಢದ ಒಂದು ರಾತ್ರಿ ಹೊಳೆ ಒಯ್ದದ್ದು
ಯಾವ ಕಾಲಮ್ಮಿಗೂ ಹೊಂದಲಿಲ್ಲ.
ಸ್ಥಳಾಂತರ ಎಂದೇ ಬರೆದೆ.
ಸ್ಥಳವೇ ಹೋದದ್ದು, ಬಾಬಿಯಲ್ಲ.

ಕಳೆದ ಸಲ ಯಂತ್ರ ತಂದ ಮೇಷ್ಟ್ರು ಬೀದರದ ಕಡೆಯವರು,
ನೀರು ಕಂಡರೆ ಭಯ. ಲೈಫ್ ಜಾಕೆಟ್ಟಿನಲ್ಲೇ ಮಲಗಿದರು.
ಪುಂಡಿ, ಮರುವಾಯಿ ಬಡಿಸಿ ಅಜ್ಜ ಕೇಳಿದ:
"ಇದರಲ್ಲಿ ಎಲೆ ಹಾಕುವ ತೂತು ಎಲ್ಲಿ, ಸ್ವಾಮಿ?"
ಅವರು ಗಾಬರಿಯಾಗಿ ಸೀಲು ತೋರಿಸಿದರು.

ಮತ್ತೆ ಗೆರೆ ಎಳೆಯುತ್ತಾರಂತೆ.
ಎಳೆಯಲಿ.
ಕಾರಣ: ಮೃತ. ಬರೆದೆ.
ಸಹಿ ಮಾಡಿದೆ, ದಿನಾಂಕ ತಪ್ಪಿ ನಿನ್ನೆಯದನ್ನು ಹಾಕಿ
ಹೊಡೆದು ಮತ್ತೆ ಹಾಕಿದೆ.

ಅವನು ಕೊನೆಯವರೆಗೂ ಕೇಳುತ್ತಿದ್ದ ಪ್ರಶ್ನೆ ಮಾತ್ರ,
ಚುಕ್ಕೆ ಗುರುತಿಲ್ಲದ್ದು, ಇಲ್ಲೇ ಉಳಿದಿದೆ:
ಉಡುಪಿಯಲ್ಲಿ ಆ ಪೆಟ್ಟಿಗೆ ತೆರೆದು ಎಣಿಸಿದವರು
ಎಲೆಯನ್ನು ಯಾವ ಲೆಕ್ಕಕ್ಕೆ ಹಾಕಿದರು?
ಸಿಂಧುವೋ, ಅಸಿಂಧುವೋ?
ಅಥವಾ, ಮಧ್ಯಾಹ್ನದ ಊಟ ಮುಗಿದಿತ್ತು,
ಯಾರೋ ಗುಮಾಸ್ತ ಸುಣ್ಣ ಸವರಿ
ಬಾಯಿಗೆ ಹಾಕಿಕೊಂಡನೋ.